ಸೂಜಿಗೆ ಮೊದಲು ಕೇಳಬೇಕಾದ್ದು

ಸಯಾಟಿಕಾ ಅಂದ್ರೆ ಏನು ಅಂತ ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಸೊಂಟದಲ್ಲಿ ಶುರುವಾಗಿ, ತೊಡೆಯ ಹಿಂದೆ ಇಳಿದು, ಪಾದದ ತನಕ ಕರೆಂಟ್ ಹೊಡೆದ ಹಾಗೆ ನೋವು. ಬಸ್ಸಲ್ಲಿ ಕೂರೋಕಾಗಲ್ಲ, ರಾತ್ರಿ ಮಗ್ಗುಲು ಬದಲಿಸೋಕಾಗಲ್ಲ. ತಿಂಗಳುಗಟ್ಟಲೆ ಹೀಗೇ ನರಳುವವರಿಗೆ ಯಾರೋ ಹೇಳ್ತಾರೆ, ‘ಅಕ್ಯುಪಂಕ್ಚರ್ ಮಾಡಿಸಿ ನೋಡಿ ಸಾರ್’ ಅಂತ. ಮಾಡಿಸಬೇಕಾ, ಬೇಡವಾ?

ಲೆಕ್ಕ ನೋಡೋಣ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ‘ನೈಸ್’ ಸಂಸ್ಥೆ, ಸೊಂಟ ನೋವಿಗೆ, ಅದರ ಜೊತೆ ಸಯಾಟಿಕಾ ಇದ್ದರೂ, ಅಕ್ಯುಪಂಕ್ಚರ್ ಕೊಡಬೇಡಿ ಅಂತ 2016ರಲ್ಲಿ ಹೇಳಿತು. ಆದ್ರೆ 2024ರಲ್ಲಿ ಅಮೆರಿಕದ ‘ಜಾಮಾ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಚೀನಾದ ಒಂದು ಅಧ್ಯಯನ ಬಂತು. ಡಿಸ್ಕ್ ಜಾರಿ ದೀರ್ಘಕಾಲದ ಸಯಾಟಿಕಾ ಇದ್ದ 216 ಮಂದಿ. ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ಹುಸಿ ಚಿಕಿತ್ಸೆ. ನಾಲ್ಕು ವಾರ, ಹತ್ತು ಸಲ. ನೂರರ ಅಳತೆಯಲ್ಲಿ ಕಾಲು ನೋವು ಮೊದಲ ಗುಂಪಿಗೆ ಸುಮಾರು 31 ಅಂಕ ಇಳೀತು. ಹುಸಿ ಚಿಕಿತ್ಸೆ ಪಡೆದವರಿಗೂ 15 ಅಂಕ ಇಳೀತು!

ಈ 15 ಮುಖ್ಯ. ಇಂಜಿನಿಯರಿಂಗ್ ಲ್ಯಾಬಲ್ಲಿ ನಮಗೆ ಮೊದಲು ಹೇಳಿಕೊಟ್ಟಿದ್ದು, ಮೀಟರಿನ ಮುಳ್ಳು ಸೊನ್ನೆಯಲ್ಲಿದೆಯಾ ನೋಡಿ, ಆಮೇಲೆ ರೀಡಿಂಗ್ ತಗೊಳ್ಳಿ ಅಂತ. ಕಾಲ, ನಂಬಿಕೆ, ಆರೈಕೆ ಇವೂ ನೋವು ಇಳಿಸುತ್ತವೆ. ಅದನ್ನು ಕಳೆದ ಮೇಲೆ ಸೂಜಿಯ ಪಾಲು ಸುಮಾರು 16. ಕಡಿಮೆ ಏನಲ್ಲ. ಆದ್ರೆ ‘ನೂರಕ್ಕೆ ನೂರು ಗ್ಯಾರಂಟಿ’ ಅಂತ ಬೋರ್ಡ್ ಹಾಕಿಕೊಳ್ಳುವಷ್ಟೂ ಅಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅಕ್ಯುಪಂಕ್ಚರ್‌ಗೆ ಮಾನ್ಯತೆ ಕೊಟ್ಟಿದೆ ನಿಜ. ಹಾಗಂತ ಬೋರ್ಡ್ ಹಾಕಿದವರೆಲ್ಲಾ ಕಲಿತವರಾಗಲ್ಲ.

ಹಾಗಾಗಿ ಮೊದಲು ವೈದ್ಯರ ಹತ್ರ ಹೋಗಿ, ನೋವಿಗೆ ಕಾರಣ ಏನು ಅಂತ ತಿಳ್ಕೊಳ್ಳಿ. ಆಮೇಲೆ ಸೂಜಿ ಹಾಕುವವರನ್ನು ಕೇಳಿ: ಎಲ್ಲಿ ಕಲಿತಿರಿ? ಸೂಜಿ ಹೊಸದಾ? ಎಷ್ಟು ಸಲ ಆದ್ಮೇಲೂ ಗುಣ ಕಾಣದಿದ್ರೆ ನಿಲ್ಲಿಸ್ತೀರಿ? ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರೆ ಅವರಿಗೆ ಮೊದಲೇ ಹೇಳಿ.

ಒಂದು ಮಾತನ್ನಂತೂ ಮರೀಬೇಡಿ. ಪಾದ ಎತ್ತೋಕಾಗ್ತಿಲ್ಲ, ಕೂರೋ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿದೆ ಅಥವಾ ಗೊತ್ತಾಗದೇ ಹೋಗ್ತಿದೆ ಅಂದ್ರೆ ಸೂಜಿಯೂ ಬೇಡ, ಎಣ್ಣೆ ಮಾಲೀಶೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ಬೆನ್ನುಹುರಿಯ ಬುಡದ ನರಗಳು ಒತ್ತಿಹೋಗಿದ್ರೆ ತುರ್ತು ಆಪರೇಷನ್ ಬೇಕಾಗುತ್ತೆ. ತಡವಾದ್ರೆ ಹೋದ ಶಕ್ತಿ ವಾಪಸ್ ಬರದೇ ಇರಬಹುದು. ಮನೇಲಿ ಹಿರಿಯರಿದ್ರೆ ಅವರಿಗೂ ಇದನ್ನು ಹೇಳಿ. ನಾಚಿಕೆಯಿಂದ ಮುಚ್ಚಿಡೋರು ಅವರೇ ಜಾಸ್ತಿ.