ಭತ್ತದ ಬೇರಿನ ಬಾಗಿಲು

ಊಟಕ್ಕೆ ಕೂತಾಗ ಅನ್ನದ ಒಂದು ಅಗುಳನ್ನು ಬೆರಳ ತುದಿಯಲ್ಲಿಟ್ಟು ನೋಡಿ. ಇದರೊಳಗೆ ಲೋಹ ಇದೆ ಎಂದರೆ ನಗುತ್ತೀರಿ, ಅಲ್ಲವೇ? ಆದರೆ ಇದೆ! ಕಬ್ಬಿಣ, ಸತು, ಮ್ಯಾಂಗನೀಸ್ ಎಲ್ಲವೂ ಕಣ್ಣಿಗೆ ಕಾಣದಷ್ಟು ಇವೆ. ಗಿಡಕ್ಕೂ ಅವು ಬೇಕು, ನಮಗೂ ಬೇಕು. ಬೇಡದ ಲೋಹವೊಂದು ಅವುಗಳ ಜೊತೆ ನುಸುಳಿದರೆ ಏನಾಗುತ್ತದೆ? ನೋಡೋಣ, ಜಪಾನಿಗೆ ಹೋಗಿ ಬರೋಣ ಬನ್ನಿ.

ಅಲ್ಲಿ ಜಿನ್‌ಜೂ ಎಂಬ ನದಿ ಬೆಟ್ಟದಿಂದಿಳಿದು ತೊಯಾಮಾ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತದೆ. ಮೇಲೆ ಬೆಟ್ಟದಲ್ಲಿ ಕಮಿಯೋಕಾ ಗಣಿ. ಸತು ತೆಗೆಯಲು ಕಲ್ಲನ್ನು ನುಣ್ಣಗೆ ಅರೆದು, ತೊಳೆದ ಬಗ್ಗಡವನ್ನು ನದಿಗೆ ಬಿಡುತ್ತಿದ್ದರು. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹವೂ ಸೇರಿಕೊಂಡಿರುತ್ತದೆ. ಅದು ನದಿಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಬಂದು ಕೆಸರಿನಲ್ಲಿ ತಂಗಿತು. ಸೊಪ್ಪುಸದೆಯಾದರೆ ಕೊಳೆತು ಗೊಬ್ಬರವಾಗುತ್ತದೆ. ಲೋಹ ಕೊಳೆಯುವುದಿಲ್ಲ. ವರ್ಷ ವರ್ಷವೂ ಬಂದದ್ದು ಅಲ್ಲೇ ಕೂಡುತ್ತಾ ಹೋಯಿತು.

ಈಗ ಬೇರಿನ ಹತ್ತಿರ ಬಗ್ಗಿ ನೋಡೋಣ. ನಿಮ್ಮ ಶಾಲೆಯ ಗೇಟಿನಲ್ಲಿ ಒಬ್ಬ ಕಾವಲುಗಾರ ಇದ್ದಾನೆ ಎಂದುಕೊಳ್ಳಿ. ಅವನು ಮುಖ ನೋಡುವುದಿಲ್ಲ, ಯೂನಿಫಾರ್ಮ್ ನೋಡಿ ಒಳಗೆ ಬಿಡುತ್ತಾನೆ. ಭತ್ತದ ಬೇರಿನಲ್ಲಿ ಮ್ಯಾಂಗನೀಸ್ ಒಳಗೆ ಬರಲೆಂದೇ ಇರುವ ಬಾಗಿಲೂ ಹಾಗೆಯೇ. ಕ್ಯಾಡ್ಮಿಯಂ ಬಂದರೂ ತೆರೆದುಬಿಡುತ್ತದೆ! ಪಾಪ, ಗಿಡಕ್ಕೆ ಗೊತ್ತಾಗುವುದೇ ಇಲ್ಲ. ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ತೆನೆಗೆ, ತೆನೆಯಿಂದ ಅಕ್ಕಿಗೆ.

ಅನ್ನದ ಜೊತೆ ಹೊಟ್ಟೆಗೆ ಹೋದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿದುಬಿಡುತ್ತದೆ. ಕೆಟ್ಟ ಮೂತ್ರಪಿಂಡ ಮೂಳೆಗೆ ಬೇಕಾದ ಸತ್ವವನ್ನೂ ಮೂತ್ರದಲ್ಲಿ ಹೊರಗೆ ಬಿಡುತ್ತದೆ. ಮೂಳೆ ಮೆತ್ತಗಾಗುತ್ತದೆ. ಹೆಚ್ಚಾಗಿ ನರಳಿದವರು ಹಲವು ಮಕ್ಕಳನ್ನು ಹೆತ್ತ ತಾಯಂದಿರು. ಕೆಲವರಿಗೆ ಕೆಮ್ಮಿದರೂ ಪಕ್ಕೆಲುಬು ಮುರಿಯುತ್ತಿತ್ತು. ‘ಇತಾಯಿ, ಇತಾಯಿ’, ಅಂದರೆ ‘ನೋವು, ನೋವು’ ಎಂದು ಅವರು ಕೂಗುತ್ತಿದ್ದುದೇ ಕಾಯಿಲೆಯ ಹೆಸರಾಯಿತು. ಗಣಿಯ ಕ್ಯಾಡ್ಮಿಯಂ ಇದಕ್ಕೆ ಕಾರಣವೆಂದು ಅಲ್ಲಿನ ವೈದ್ಯ ನೊಬೊರು ಹಗಿನೊ ಹೇಳಿದರು. ಸರ್ಕಾರ ಒಪ್ಪಿದ್ದು 1968ರಲ್ಲಿ. ತಡವಾಯಿತು, ಬಹಳ ತಡವಾಯಿತು.

ಕೆಟ್ಟ ಮಣ್ಣನ್ನು ಏನು ಮಾಡುವುದು? ಮೇಲ್ಮಣ್ಣನ್ನು ತೆಗೆದು ಆಳದಲ್ಲಿ ಹೂತು, ಗಟ್ಟಿಯಾಗಿ ಮುಚ್ಚಿ, ಮೇಲೆ ಬೇರೆ ಕಡೆಯ ಒಳ್ಳೆಯ ಮಣ್ಣನ್ನು ಹರಡಿದರು. 2,100 ಎಕರೆಗೂ ಹೆಚ್ಚು ನೆಲ! ಮೂವತ್ತಕ್ಕೂ ಹೆಚ್ಚು ವರ್ಷ ನಡೆದ ಕೆಲಸ ಮುಗಿದದ್ದು 2012ರಲ್ಲಿ.

ಎಲ್ಲಾ ಕಡೆ ಮಣ್ಣು ಬದಲಿಸಲು ಆಗುತ್ತದೆಯೇ? ಇಲ್ಲೊಂದು ಸೊಗಸಾದ ಉಪಾಯವಿದೆ. ನೀರು ನಿಂತ ಗದ್ದೆಗೆ ಇಳಿದಾಗ ಕೆಸರಿನಿಂದ ಗುಳ್ಳೆ ಎದ್ದು ಕೆಟ್ಟ ವಾಸನೆ ಬರುತ್ತದಲ್ಲ, ಅದರಲ್ಲಿ ಗಂಧಕದ ಪಾಲಿದೆ. ನೀರು ನಿಂತು ಗಾಳಿಯಾಡದ ಕೆಸರಿನಲ್ಲಿ ಗಂಧಕವು ಕ್ಯಾಡ್ಮಿಯಂ ಅನ್ನು ಹಿಡಿದುಕೊಂಡು ಕರಗಲು ಬಿಡುವುದಿಲ್ಲ. ಕರಗದ್ದನ್ನು ಬೇರು ಹೀರಲಾರದು. ಅದಕ್ಕೇ ಜಪಾನಿನಲ್ಲಿ ತೆನೆ ಹೊರಡುವ ಮುಂಚೆ ಮೂರು ವಾರ, ಆಮೇಲೆ ಮೂರು ವಾರ ಗದ್ದೆಯ ನೀರು ಇಳಿಸಬೇಡಿ ಎಂದು ರೈತರಿಗೆ ಹೇಳುತ್ತಾರೆ.

ಆದರೆ ಒಂದು ತೊಡಕು. ನೀರು ನಿಂತಷ್ಟೂ ಆರ್ಸೆನಿಕ್ ಎಂಬ ಇನ್ನೊಂದು ವಿಷ ಮಣ್ಣಿನಿಂದ ಬಿಡಿಸಿಕೊಂಡು ಬೇರಿಗೆ ಸಿಗುತ್ತದೆ! ಹಾಗಾಗಿ ವಿಜ್ಞಾನಿಗಳು ಬಾಗಿಲಿಗೇ ಕೈಹಾಕಿದರು. ಕೊಶಿಹಿಕಾರಿ ಎಂಬುದು ಜಪಾನೀಯರ ಅಚ್ಚುಮೆಚ್ಚಿನ ಅಕ್ಕಿ. ಗುಣ ಬದಲಾಗಲೆಂದು ಅದರ ಬೀಜಗಳ ಮೇಲೆ ಅಯಾನು ಕಿರಣ, ಅಂದರೆ ವಿದ್ಯುತ್ ಹೊತ್ತ ಕಣಗಳ ಕಿರಣ ಹಾಯಿಸಿ, ಬಿತ್ತಿ, ಬೆಳೆದವುಗಳಲ್ಲಿ ಹುಡುಕಿದಾಗ, ಮ್ಯಾಂಗನೀಸ್ ಬಾಗಿಲು ಕೆಟ್ಟುಹೋಗಿದ್ದ ಗಿಡಗಳು ಸಿಕ್ಕವು. ಅವುಗಳ ಅಕ್ಕಿಯಲ್ಲಿ ಕ್ಯಾಡ್ಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಮ್ಯಾಂಗನೀಸ್ ಕೂಡ ಕಡಿಮೆಯೇ ಬಂತು, ಆದರೂ ಪೈರು ಚೆನ್ನಾಗಿಯೇ ತೆನೆ ಬಿಟ್ಟಿತು.