ಆತ್ಮರಕ್ಷಣೆ ಮತ್ತು ಉತ್ತರದಾಯಿತ್ವ

ಸಹೋದರರೇ, 2012ರ ಫೆಬ್ರವರಿ 26ರ ರಾತ್ರಿ ಅಮೆರಿಕದ ಫ್ಲೋರಿಡಾದಲ್ಲಿ 17 ವರ್ಷದ ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್ ಅಂಗಡಿಯಿಂದ ಮಿಠಾಯಿ, ಪಾನೀಯ ಕೊಂಡು ಮರಳುತ್ತಿದ್ದ. ಬಡಾವಣೆಯ ಕಾವಲು ಸ್ವಯಂಸೇವಕ ಜಾರ್ಜ್ ಜಿಮ್ಮರ್‌ಮನ್‌ಗೆ ಗುಮಾನಿ ಬಂತು. ಹಿಂಬಾಲಿಸಬೇಕಿಲ್ಲವೆಂದು ಪೊಲೀಸ್ ಫೋನಿನಲ್ಲಿ ಹೇಳಿದ್ದರು. ಆಮೇಲೆ ಹೊಡೆದಾಟ, ಒಂದು ಗುಂಡು. ಸತ್ತ ಹುಡುಗನ ಬಳಿ ಆಯುಧವಿರಲಿಲ್ಲ. ಸೂರಃ ಅಲ್‌ಹುಜುರಾತ್ ಗುಮಾನಿಯಿಂದ ದೂರವಿರಿ ಎನ್ನುವುದು ಸುಮ್ಮನೆ ಅಲ್ಲ.

ಬಂಧನಕ್ಕೆ 44 ದಿನ ಬೇಕಾಯಿತು. ಪ್ರಾಣಭಯವಿದ್ದವನು ಹಿಂದೆ ಸರಿಯಬೇಕಿಲ್ಲ ಎನ್ನುತ್ತದೆ ಅಲ್ಲಿನ 2005ರ ಕಾನೂನು. ಜಿಮ್ಮರ್‌ಮನ್‌ನ ಮೂಗು, ತಲೆಗೆ ಪೆಟ್ಟಾಗಿತ್ತು; ಅದನ್ನೂ ಹೇಳದಿದ್ದರೆ ನಾವು ನ್ಯಾಯವಂತರಲ್ಲ. 2013ರ ಜುಲೈಯಲ್ಲಿ ಅವನು ನಿರ್ದೋಷಿಯೆಂದು ಜ್ಯೂರಿ ತೀರ್ಪಿತ್ತಿತು. ಹಿಂಬಾಲಿಸುವುದು ಅಪರಾಧವಲ್ಲವಂತೆ! ಆತ್ಮರಕ್ಷಣೆ ಅಲ್ಲವೆಂದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತುಪಡಿಸುವ ಭಾರ ಸರಕಾರದ್ದು. ಇನ್ನೊಂದು ಕಡೆಯ ಕಥೆ ಹೇಳಬೇಕಾದವನು ಕಬರಿನಲ್ಲಿದ್ದ.

ಶರೀಅತ್ತಿನಲ್ಲೂ ಪ್ರಾಣರಕ್ಷಣೆಯ ಹಕ್ಕಿದೆ. ಆದರೆ ಮಾತಿನಿಂದ ತಡೆಯಬಹುದಾದಲ್ಲಿ ಕೈ ಎತ್ತುವಂತಿಲ್ಲ, ಕೈಯಿಂದ ಆಗುವಲ್ಲಿ ಆಯುಧ ಎತ್ತುವಂತಿಲ್ಲ. ರಕ್ಷಣೆಗಾಗಿ ಕೊಂದೆ ಎನ್ನುವವನೇ ಸಾಕ್ಷ್ಯ ತರಬೇಕೆಂಬುದು ಬಹುತೇಕ ಫುಕಹಾಗಳ ನಿಲುವು. ಸೂರಃ ಅನ್ನಿಸಾದ ಪ್ರಕಾರ ಕೈತಪ್ಪಿ ಸತ್ಯವಿಶ್ವಾಸಿಯೊಬ್ಬನನ್ನು ಕೊಂದವನಿಗೂ ಪ್ರಾಯಶ್ಚಿತ್ತವಿದೆ, ರಕ್ತಪರಿಹಾರವಿದೆ. ಆ ಪರಿಹಾರವನ್ನು ಬಿಟ್ಟುಕೊಡುವ ಹಕ್ಕು ಮೃತನ ಮನೆಯವರದು.