ಹಳದಿ ಹಕ್ಕಿಯ ಗುರುತು



ಹಿತ್ತಲ ನುಗ್ಗೆಮರದಲ್ಲಿ ಹಿಂದೆಂದೂ ಕಾಣದ ಹಳದಿ ಹಕ್ಕಿಯೊಂದು ಕೂತಿದೆ ಅಂದುಕೊಳ್ಳಿ. ನಮ್ಮ ಕೈ ಮೊದಲು ಹೋಗುವುದು ಮೊಬೈಲಿಗೆ. ಅಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಆಮೇಲೆ ಯಾರಾದರೂ ಕೇಳಿದರೆ 'ಹಳದಿ ಇತ್ತು' ಎನ್ನುವುದರ ಹೊರತು ನಮ್ಮಲ್ಲಿ ಬೇರೆ ಮಾತಿಲ್ಲ.

ಬಣ್ಣವೊಂದನ್ನೇ ನೆಚ್ಚಿದರೆ ಆಗದು. ಮೊದಲು ಗಾತ್ರ ನೋಡಬೇಕು. 1941ರಲ್ಲಿ ಬಂದ ಪಕ್ಷಿತಜ್ಞ ಸಲೀಂ ಅಲಿಯವರ ಭಾರತದ ಹಕ್ಕಿಗಳ ಪುಸ್ತಕವೂ ಗಾತ್ರವನ್ನು ಗುಬ್ಬಿ, ಪಿಕಳಾರ, ಮೈನಾದಂಥ ಪರಿಚಿತ ಹಕ್ಕಿಗಳಿಗೆ ಹೋಲಿಸಿಯೇ ಹೇಳುತ್ತದೆ. ಮೈನಾದಷ್ಟಿದ್ದು, ಹೊನ್ನಿನ ಮೈ, ಕಪ್ಪು ರೆಕ್ಕೆ, ನಸುಗೆಂಪು ಕೊಕ್ಕು ಇದ್ದರೆ ಅದು ಹೊನ್ನಕ್ಕಿ. ಇನ್ನು ಅದು ಯಾವ ಬಗೆಯ ಹೊನ್ನಕ್ಕಿ ಎಂದು ತಿಳಿಯಲು ಕಣ್ಣು ನೋಡಿ. ಕಾಡಿಗೆ ತೀಡಿದಂತೆ ಕಣ್ಣಿನಿಂದ ಹಿಂದಕ್ಕೆಳೆದ ಕಪ್ಪು ಗೆರೆಯಿದ್ದರೆ ಅದು ನಮ್ಮಲ್ಲಿ ಹೆಚ್ಚಾಗಿ ಚಳಿಗಾಲಕ್ಕೆ ಬರುವ ಅತಿಥಿ. ತಲೆ, ಕತ್ತು ಪೂರ್ತಿ ಕಪ್ಪಾಗಿದ್ದರೆ ಕರಿತಲೆ ಹೊನ್ನಕ್ಕಿ. ಇದು ಮಲೆನಾಡಿನ ತೋಟಗಳಲ್ಲಿ ವರ್ಷವಿಡೀ ಇರುತ್ತದೆ.

ಗುಬ್ಬಿಯಷ್ಟೇ ಇದ್ದು, ರೆಕ್ಕೆಯ ಮೇಲೆ ಎರಡು ಬಿಳಿ ಪಟ್ಟಿಯಿದ್ದರೆ ಮಧುರಕಂಠ. ಎಲೆಮರೆಯಲ್ಲಿ ಹುಳು ಹೆಕ್ಕುತ್ತ ಉದ್ದನೆಯ ಸಿಳ್ಳೆ ಹಾಕುತ್ತದೆ. ಮಳೆಗಾಲದಲ್ಲಿ ಹಳದಿ ನೆತ್ತಿ, ಕಪ್ಪು ಮುಖದ ಪುಟ್ಟ ಹಕ್ಕಿ ಹುಲ್ಲಿನ ಎಳೆ ಸೀಳಿ ಒಯ್ಯುತ್ತಿದ್ದರೆ ಅದು ಗಂಡು ಗೀಜಗ. ಗೂಡು ಕಟ್ಟುವ ಕಾಲ ಮುಗಿದ ಮೇಲೆ ಅದೇ ಹಕ್ಕಿ ಹೆಣ್ಣುಗುಬ್ಬಿಯಂತೆ ಕಂದಾಗುತ್ತದೆ. ಗೊತ್ತಿಲ್ಲದವರು ಬೇರೆಯದೇ ಹಕ್ಕಿಯೆಂದು ಆಣೆ ಇಟ್ಟಾರು!

ಇವತ್ತು ಹಳದಿ ಹಕ್ಕಿಯೊಂದು ಕಂಡರೆ ಮೊಬೈಲು ಜೇಬಿನಲ್ಲೇ ಇರಲಿ. ಗಾತ್ರ, ಕಣ್ಣು, ಕೊಕ್ಕು, ರೆಕ್ಕೆ ನೋಡಿ, ಕೂಗು ಕೇಳಿ, ಮರೆಯುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ.